ಇಂಗ್ಲೆಂಡಿನ ಪೋಲೀಸರೂ ಫ್ರೀಮೇಸನ್ ಸಂಘವೂ

ಪೋಲೀಸು ಅಧಿಕಾರಿಯು ಫ್ರೀಮೇಸನ್ ಸಂಘದ ಸದಸ್ಯನಾಗಿದ್ದರೆ ಅದನ್ನು ಬಹಿರಂಗಪಡಿಸಬೇಕೆ ಎಂಬ ವಾದ ಇಂಗ್ಲೆಂಡಿನಲ್ಲಿ ಈಚಿನದೆಂದು ತೋರುತ್ತದೆ. ಆದರೆ ಆ ಸಂಘದ ಸದಸ್ಯರ ಹೆಸರುಗಳನ್ನು ಸರ್ಕಾರಕ್ಕೆ ಒಪ್ಪಿಸುವ ಪದ್ಧತಿಯು 1829ರಲ್ಲಿ ಸ್ಥಾಪಿತವಾದ ಲಂಡನ್ ಪೋಲೀಸು ಪಡೆಗಿಂತಲೂ ಹಳೆಯದು.

ಫ್ರೆಂಚ್ ಕ್ರಾಂತಿಯ ಕಿಡಿ ತನ್ನ ನಾಡಿಗೂ ಹಾರೀತೆಂಬ ಭೀತಿಯಿಂದ ಬ್ರಿಟಿಷ್ ಪಾರ್ಲಿಮೆಂಟು 1799ರಲ್ಲಿ ಗುಪ್ತಪ್ರತಿಜ್ಞೆಯ ಸಂಘಗಳನ್ನು ನಿಷೇಧಿಸಿತು. ಫ್ರೀಮೇಸನ್ನರಿಗೆ ವಿನಾಯಿತಿ ದೊರೆಯಿತು. ಆದರೆ ಪ್ರತಿಯೊಂದು ಲಾಡ್ಜೂ ತನ್ನ ಸದಸ್ಯರ ಪಟ್ಟಿಯನ್ನು ವರ್ಷವರ್ಷವೂ ಸ್ಥಳೀಯ ನ್ಯಾಯಾಡಳಿತದ ಕಚೇರಿಗೆ ಸಲ್ಲಿಸಬೇಕಾಗಿತ್ತು. ಈ ಕಟ್ಟಳೆ 1967ರಲ್ಲಿ ರದ್ದಾಯಿತು.

ಹತ್ತೇ ವರ್ಷಗಳಲ್ಲಿ ಸಂಶಯ ಬೇರೊಂದು ದಿಕ್ಕಿನಿಂದ ತಲೆಯೆತ್ತಿತು. ಅಶ್ಲೀಲ ಪುಸ್ತಕಗಳ ವರ್ತಕರಿಂದ ಲಂಚ ಪಡೆದುದಕ್ಕಾಗಿ 1977ರಲ್ಲಿ ಶಿಕ್ಷೆಗೊಳಗಾದ ಲಂಡನ್ ಪತ್ತೇದಾರರಲ್ಲಿ ಫ್ರೀಮೇಸನ್ನರೂ ಇದ್ದರು. ಪರಸ್ಪರ ನೆರವಿನ ಪ್ರತಿಜ್ಞೆ ತೊಟ್ಟವನು ಕರ್ತವ್ಯದಲ್ಲಿ ನಿಷ್ಪಕ್ಷಪಾತಿಯಾಗಿರಬಲ್ಲನೆ ಎಂಬ ಪ್ರಶ್ನೆ ಬೆಳೆಯಿತು. 1985ರಲ್ಲಿ ಪೋಲೀಸು ಕಮಿಷನರ್ ಸರ್ ಕೆನೆತ್ ನ್ಯೂಮನ್ ಅವರು ಈ ಸಂಘದಿಂದ ದೂರವಿರುವುದು ವಿವೇಕವೆಂದು ತಮ್ಮ ಸಿಬ್ಬಂದಿಗೆ ಸಲಹೆಯಿತ್ತರು. ಅದು ಆಜ್ಞೆಯಾಗಿರಲಿಲ್ಲ. ಮರುವರ್ಷವೇ ಲಂಡನ್ ಪೋಲೀಸರು ‘ಮ್ಯಾನರ್ ಆಫ್ ಸೇಂಟ್ ಜೇಮ್ಸ್’ ಎಂಬ ತಮ್ಮದೇ ಲಾಡ್ಜನ್ನು ತೆರೆದರು!

1997ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಪೋಲೀಸರೂ ನ್ಯಾಯಾಧೀಶರೂ ತಮ್ಮ ಸದಸ್ಯತ್ವವನ್ನು ಸಾರ್ವಜನಿಕ ದಾಖಲೆಯಲ್ಲಿ ನಮೂದಿಸಬೇಕೆಂದು ಸೂಚಿಸಿತು. ಮರುವರ್ಷ ಗೃಹಮಂತ್ರಿ ಜ್ಯಾಕ್ ಸ್ಟ್ರಾ ಅವರು ಕ್ರಮ ಕೈಕೊಂಡರಾದರೂ ಸೇವೆಯಲ್ಲಿದ್ದ ಪೋಲೀಸರ ಮಟ್ಟಿಗೆ ಅದು ಸ್ವಯಿಚ್ಛೆಗೇ ಉಳಿಯಿತು. ಇತ್ತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಇಟಲಿಯ ಮೊಕದ್ದಮೆಯೊಂದರಲ್ಲಿ, ಮೇಸನ್ನರನ್ನು ಮಾತ್ರ ಪ್ರತ್ಯೇಕಿಸಿ ಕೇಳುವುದು ಭೇದಭಾವವೆಂದು 2007ರಲ್ಲಿ ತೀರ್ಪಿತ್ತಿತು. ಅದರ ಬೆನ್ನಲ್ಲೇ, 2009ರಲ್ಲಿ, ಇಂಗ್ಲೆಂಡಿನ ಹೊಸ ನ್ಯಾಯಾಧೀಶರ ಮೇಲಿದ್ದ ನಿರ್ಬಂಧವೂ ತೊಲಗಿತು. ಸಂಘಸ್ವಾತಂತ್ರ್ಯದ ಈ ವಾದ ಹಗುರವಾದುದಲ್ಲ.

ಆದರೂ ಪ್ರಶ್ನೆ ಅಡಗಲಿಲ್ಲ. ಖಾಸಗಿ ಪತ್ತೇದಾರ ಡೇನಿಯಲ್ ಮಾರ್ಗನ್ 1987ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಕೊಲೆಯಾದನು. ಹಲವು ತನಿಖೆಗಳಾದರೂ ಯಾರಿಗೂ ಶಿಕ್ಷೆಯಾಗಲಿಲ್ಲ. ಬ್ಯಾರನೆಸ್ ಓಲೋನ್ ಅವರ ಅಧ್ಯಕ್ಷತೆಯ ಮಂಡಲಿ 2021ರಲ್ಲಿ ಕೊಟ್ಟ ವರದಿ ಇಲ್ಲಿ ವಿಶೇಷವಾಗಿ ಪರಿಶೀಲನಾರ್ಹ. ಫ್ರೀಮೇಸನ್ ಸಂಬಂಧಗಳು ತನಿಖೆಯನ್ನು ಕೆಡಿಸಿದುದಕ್ಕೆ ಪುರಾವೆ ಕಾಣಲಿಲ್ಲವೆಂದು ಅದು ಹೇಳಿತು. ಆದರೆ ಅಧಿಕಾರಿಗಳ ಸದಸ್ಯತ್ವ ಮತ್ತೆ ಮತ್ತೆ ಸಂಶಯಕ್ಕೆ ಎಡೆಗೊಟ್ಟಿತೆಂದೂ, ಆದಕಾರಣ ಅದನ್ನು ಘೋಷಿಸುವುದು ಕಡ್ಡಾಯವಾಗಬೇಕೆಂದೂ ಅಭಿಪ್ರಾಯಪಟ್ಟಿತು. ಪಟ್ಟಿಯಿದ್ದಿದ್ದರೆ ನಿರ್ದೋಷಿಗೂ ಅದು ರಕ್ಷೆಯಾಗುತ್ತಿತ್ತು. 2025ರ ಡಿಸೆಂಬರಿನಲ್ಲಿ ಲಂಡನ್ ಮಹಾನಗರ ಪೋಲೀಸು ಇಲಾಖೆ ತನ್ನ ಸಿಬ್ಬಂದಿ ಘೋಷಿಸಲೇಬೇಕಾದ ಸಂಬಂಧಗಳಲ್ಲಿ ಫ್ರೀಮೇಸನ್ ಸದಸ್ಯತ್ವವನ್ನೂ ಸೇರಿಸಿತು.

1799ರಲ್ಲಿ ಪ್ರಜೆಗೆ ಅಂಜಿ ಸರ್ಕಾರವು ಪಟ್ಟಿ ಕೇಳಿತು. ಎರಡು ಶತಮಾನಗಳ ಬಳಿಕ ಸರ್ಕಾರದ ಅಧಿಕಾರಿಗೆ ಅಂಜಿ ಪ್ರಜೆಯು ಅದನ್ನೇ ಕೇಳುವಂತಾಯಿತು. ಆದರೆ ಈ ಹೊಸ ಘೋಷಣೆ ಇಲಾಖೆಗೆ ಸಲ್ಲುವುದೇ ಹೊರತು ಪ್ರಜೆಯ ಕಣ್ಣಿಗಲ್ಲ. 1997ರ ಸಮಿತಿ ಬಯಸಿದ್ದ ಸಾರ್ವಜನಿಕ ದಾಖಲೆ ಇದಲ್ಲ.