ಒಂದು ರಾತ್ರಿಗೆ ಒಂದು ರೂಮ್

ಕಾಗವಾಡದಲ್ಲಿ ಆಫೀಸ್ ಕೆಲಸ ಇತ್ತು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಬಿಟ್ಟವಳು ಮರುದಿನ ಕುಡಚಿಯಲ್ಲಿ ಇಳಿದೆ. ಕೆಲಸ ಮುಗಿಯೋ ಹೊತ್ತಿಗೆ ಕತ್ತಲಾಗಿತ್ತು. ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳ ಹಿಂದೆ ತೆವಳಿಕೊಂಡು ಬಂದು, ದಾರಿಯಲ್ಲಿ ಸಿಕ್ಕ ಲಾಡ್ಜಿನ ಕೌಂಟರ್ ಮೇಲೆ ಆಧಾರ್ ಕಾರ್ಡ್ ಇಟ್ಟೆ.

“ಒಬ್ರೇ ಏನ್ರಿ ಮೇಡಂ?”

“ಹೌದು.”

“ಒಬ್ರೇ ಲೇಡೀಸ್‌ಗೆ ರೂಮ್ ಕೊಡಂಗಿಲ್ರಿ. ಮಾಲಕರು ಬೈತಾರ.”

ಅವನ ಬೆನ್ನ ಹಿಂದೆ ಗೋಡೆ ತುಂಬ ಕೀಗಳು ನೇತಾಡುತ್ತಿದ್ದವು.

ಅರ್ಧ ಗಂಟೆಯಲ್ಲಿ ಇನ್ನೊಂದು ಹೋಟೆಲ್ ಸಿಕ್ತು. ಬಿಳಿ ಬೆಡ್‌ಶೀಟು, ಎಸಿ, ರೂಮಿಗೇ ಬಂದ ರೊಟ್ಟಿ-ಎಣ್ಣೆಗಾಯಿ. “ಬಿಸಿನೀರ ಮುಂಜಾನಿ ಆರಕ್ಕ ಬರ್ತಾವ್ರಿ ಅಕ್ಕಾರ,” ಅಂತ ಹೇಳಿ ಹುಡುಗ ಬಾಗಿಲು ಎಳೆದುಕೊಂಡು ಹೋದ. ಸುಖವಾಗಿ ಮಲಗಬೇಕಿತ್ತು. ಆದರೆ ಆಗಷ್ಟೇ ಸಹಿ ಹಾಕಿ ಬಂದಿದ್ದ ರಿಜಿಸ್ಟರ್, ನೂರು ವರ್ಷಕ್ಕೂ ಹಿಂದಿನ ಇನ್ನೊಂದು ರಿಜಿಸ್ಟರನ್ನು ನೆನಪಿಸಿ ನಿದ್ದೆ ಕೆಡಿಸಿತು.

ಅದು 1917ರ ಬರೋಡಾ. ಅಮೆರಿಕದ ಕೊಲಂಬಿಯಾದಲ್ಲಿ ಓದಿ, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದ 26ರ ಹರೆಯದ ಭೀಮರಾವ್ ಅಂಬೇಡ್ಕರ್, ತನ್ನನ್ನು ಓದಿಸಿದ ಸಂಸ್ಥಾನದ ನೌಕರಿಗೆ ಸೇರಲು ಅಲ್ಲಿಗೆ ಹೋಗಿದ್ದರು. ಹಿಂದೂ ಹೋಟೆಲುಗಳಲ್ಲಿ ಜಾಗ ಸಿಗಲ್ಲ ಅಂತ ಗೊತ್ತಿತ್ತು. ಹಾಗಾಗಿ ಒಂದು ಪಾರ್ಸಿ ವಸತಿಗೃಹಕ್ಕೆ ಹೋದರು. ದಿನಕ್ಕೆ ಒಂದೂವರೆ ರೂಪಾಯಿ. ಪಾರ್ಸಿಗಳಲ್ಲದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ನೋಡಿಕೊಳ್ಳುವ ಮುದುಕನಿಗೂ ಬಾಡಿಗೆ ಬೇಕಿತ್ತು. ಇಬ್ಬರೂ ಒಪ್ಪಿ ರಿಜಿಸ್ಟರಿನಲ್ಲಿ ಒಂದು ಪಾರ್ಸಿ ಹೆಸರು ಬರೆದರು. ಮಹಡಿಯಲ್ಲಿ ಒಂದು ಸಣ್ಣ ಕೋಣೆ, ನಲ್ಲಿ ಇರೋ ಬಚ್ಚಲು, ರಾತ್ರಿಗೊಂದು ಲಾಟೀನು, ಮಾತಿಗೆ ಯಾರೂ ಇಲ್ಲ. ಹನ್ನೊಂದನೇ ದಿನ ಕೋಲು ಹಿಡಿದ ಹತ್ತು ಹನ್ನೆರಡು ಮಂದಿ ಬಂದು ಖಾಲಿ ಮಾಡಿಸಿದರು. ಆಮೇಲೆ ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರಲ್ಲೂ ಕೇಳಿದರು. ಜಾಗ ಸಿಗಲಿಲ್ಲ. ಆ ರಾತ್ರಿಯೇ ಬಾಂಬೆ ರೈಲು ಹತ್ತಿದರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಇದನ್ನೆಲ್ಲ ಅವರೇ ಬರೆದಿದ್ದಾರೆ.

ಬರೋಡಾ ನಮಗೆ ದೂರ ಅನ್ನಿಸಬಹುದು. ಆದರೆ ಎಂಟು ವರ್ಷದ ನಂತರ, ಏಪ್ರಿಲ್ 1925ರಲ್ಲಿ, ಅದೇ ಅಂಬೇಡ್ಕರ್ ಇದೇ ಜಿಲ್ಲೆಯ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪ್ರಾಂತೀಯ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ಬೆಳಗಾವಿ ಜಿಲ್ಲೆ ಆಗ ಬಾಂಬೆ ಪ್ರೆಸಿಡೆನ್ಸಿಯಲ್ಲಿತ್ತು. 2025ರಲ್ಲಿ ಆ ಭೇಟಿಗೆ ನೂರು ತುಂಬಿತು.

ಇನ್ನೊಂದು ವಿಷಯ ನಮಗೆ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಆಗಸ್ಟ್ 1923ರಲ್ಲಿ ಎಸ್.ಕೆ. ಬೋಲೆ ಅನ್ನೋರು ಮಂಡಿಸಿದ ಗೊತ್ತುವಳಿಯನ್ನು ಬಾಂಬೆ ಶಾಸನ ಪರಿಷತ್ತು ಅಂಗೀಕರಿಸಿತ್ತು. ಸರ್ಕಾರಿ ಹಣದಲ್ಲಿ ನಡೆಯೋ ಬಾವಿ, ಶಾಲೆ, ಕೋರ್ಟು, ದವಾಖಾನೆಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕು ಅನ್ನೋ ಆ ಪಟ್ಟಿಯಲ್ಲಿ ಧರ್ಮಶಾಲೆಯೂ ಇತ್ತು. ಧರ್ಮಶಾಲೆ ಯಾಕೆ ಅಂತೀರಾ? ಪರಊರಲ್ಲಿ ಸೂರ್ಯ ಮುಳುಗಿದ ಮೇಲೆ ಪ್ರಯಾಣಿಕನಿಗೆ ಬೇಕಾದ ನೀರು, ಒಲೆ, ಸೂರು ಮೂರೂ ಇದ್ದದ್ದು ಅಲ್ಲಿ. ಸಾಹೇಬರಿಗೆ ಬಂಗಲೆಗಳಿದ್ದವು. ಧರ್ಮಶಾಲೆ ಬಾಗಿಲು ಮುಚ್ಚಿದರೆ ಬಡವನಿಗೆ ಉಳಿಯುತ್ತಿದ್ದದ್ದು ಮರದ ಬುಡ. ಅಂಥವನಿಗೆ ಶಾಲೆ, ಕೋರ್ಟು, ನೌಕರಿಗೆಂದು ಊರು ಬಿಟ್ಟು ಹೊರಡೋದೇ ಕಷ್ಟ.

ಗೊತ್ತುವಳಿ ಬಹುಪಾಲು ಕಡೆ ಕಾಗದದಲ್ಲೇ ಉಳಿಯಿತು. 1927ರಲ್ಲಿ ಮಹಾಡದ ಕೆರೆ ನೀರು ಮುಟ್ಟಲು ಸತ್ಯಾಗ್ರಹವೇ ಬೇಕಾಯಿತು. ಜನವರಿ 26, 1950ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿ, ಅಂಗಡಿ, ಸಾರ್ವಜನಿಕ ಉಪಾಹಾರಗೃಹಗಳ ಜೊತೆಗೆ ಹೋಟೆಲನ್ನೂ ಹೆಸರು ಹಿಡಿದು ಹೇಳುತ್ತದೆ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಇಷ್ಟನ್ನೇ ನೋಡಿ ಯಾರನ್ನೂ ಬಾಗಿಲಲ್ಲಿ ತಡೆಯೋ ಹಾಗಿಲ್ಲ. ಕರಡು ಸಮಿತಿಯ ಅಧ್ಯಕ್ಷರು ಹೋಟೆಲ್ ರೂಮಿನಿಂದ ಹೊರದಬ್ಬಿಸಿಕೊಂಡಿದ್ದವರು. ಆ ಪಟ್ಟಿಯನ್ನು ಈಗ ಓದುವಾಗ ನನಗೆ ಬರೋಡಾದ ಲಾಟೀನು ಕಾಣುತ್ತದೆ.

ನನ್ನ ಅರ್ಧ ಗಂಟೆಯನ್ನೂ ಅವರ ಹನ್ನೊಂದು ದಿನವನ್ನೂ ಒಂದೇ ತಕ್ಕಡಿಗೆ ಹಾಕ್ತಿಲ್ಲ. ನನಗೆ ಮುಂದಿನ ಹೋಟೆಲ್ ಇತ್ತು. ನನ್ನ ಹೆಸರನ್ನೇ ಬರೆದೆ. ಯಾರೂ ಕೋಲು ಹಿಡಿದು ಬರಲಿಲ್ಲ. ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುವಾಗ ಓನರ್ ಆಂಟಿ “ವೆಜ್ಜಾ? ನಿಮ್ಮವರು ಯಾವ ಕಡೆಯೋರಮ್ಮಾ?” ಅಂದಾಗ ಹಲ್ಲು ಕಿರಿದು ಉತ್ತರ ಕೊಟ್ಟು ಕೀ ಇಸ್ಕೊಂಡವಳು ನಾನು. ಆ ಪ್ರಶ್ನೆ ಏನನ್ನು ಸೋಸುತ್ತಿತ್ತು ಅಂತ ಗೊತ್ತಿತ್ತು. ಉತ್ತರ ನನ್ನ ಪರವಾಗಿದ್ದರಿಂದ ಸುಮ್ಮನಿದ್ದೆ.

ಬೆಳಿಗ್ಗೆ ಸರಿಯಾಗಿ ಆರಕ್ಕೆ ಬಿಸಿನೀರು ಬಂತು. ಚೆಕ್‌ಔಟ್ ಮಾಡಿ ವಾಪಸ್ ಬರುವಾಗ ಮೊದಲಿನ ಲಾಡ್ಜ್ ಮುಂದೆ ಗಾಡಿ ನಿಲ್ಲಿಸಿದೆ. ಅದೇ ಹುಡುಗ ಕೂತಿದ್ದ. “ಮುಂದಿನ ತಿಂಗಳು ಮತ್ತೆ ಬರ್ತೀನಿ, ಒಬ್ಬಳೇ. ರೂಮ್ ಕೊಡಲ್ಲ ಅನ್ನೋದಾದ್ರೆ ಕಾರಣ ಬರೆದುಕೊಡಿ ಅಂತ ನಿಮ್ಮ ಮಾಲಕರಿಗೆ ಹೇಳಿ,” ಅಂದೆ.

ಅವನು ಕೀ ಗೋಡೆ ನೋಡಿದ, ನನ್ನನ್ನು ನೋಡಿದ. “ಹೇಳ್ತೀನ್ರಿ ಅಕ್ಕಾರ,” ಅಂದ.