ರಸ್ತೆಗೆ ಸುರಿದ ಉಪ್ಪು, ಜೌಗಿಗೆ ಇಳಿದ ಕಥೆ

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂತೆಂದರೆ ರಸ್ತೆಗೆ ಕಲ್ಲುಪ್ಪು ಎರಚುತ್ತಾರೆ. ಕಾರಣ ಸರಳ. ಶುದ್ಧ ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಉಪ್ಪು ಬೆರೆತ ನೀರು ಹೆಪ್ಪುಗಟ್ಟಲು ಇನ್ನೂ ಹೆಚ್ಚಿನ ಚಳಿ ಬೇಕು. ಹೀಗಾಗಿ ಉಪ್ಪು ಬಿದ್ದಲ್ಲಿ ಮಂಜುಗಡ್ಡೆ ಕರಗುತ್ತದೆ, ವಾಹನ ಜಾರುವುದು ತಪ್ಪುತ್ತದೆ.

ಅಮೆರಿಕದಲ್ಲಿ ಈ ಪದ್ಧತಿಗೆ ನಾಂದಿ ಹಾಡಿದ್ದು ನ್ಯೂ ಹ್ಯಾಂಪ್‌ಶೈರ್ ರಾಜ್ಯ. 1938ರಲ್ಲಿ ಅಲ್ಲಿ ಪ್ರಯೋಗ ನಡೆಯಿತು. 1941-42ರ ಚಳಿಗಾಲದಲ್ಲಿ ಇಡೀ ದೇಶದ ಹೆದ್ದಾರಿಗಳಿಗೆ ಬಿದ್ದ ಉಪ್ಪು ಸುಮಾರು 5,000 ಟನ್. ಎರಡನೆಯ ಮಹಾಯುದ್ಧದ ನಂತರ ಕಾರುಗಳು ಹೆಚ್ಚಿದವು, ಉಪ್ಪೂ ಹೆಚ್ಚಿತು. ಇಂದು ಅದು ವರ್ಷಕ್ಕೆ ಒಂದು ಕೋಟಿ ಟನ್ನನ್ನೂ ಮೀರುತ್ತದೆ.

ಈ ಉಪ್ಪೆಲ್ಲ ಹೋಗುವುದಾದರೂ ಎಲ್ಲಿಗೆ? ಹಿಮ ಕರಗಿದಾಗ ಅದು ಹಳ್ಳ, ಕೆರೆ, ಜೌಗು ಪ್ರದೇಶಗಳಿಗೆ ಇಳಿಯುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಕೊಳೆತು ಹೋಗುವ ವಸ್ತುವಲ್ಲ. ಮಣ್ಣೂ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಬಳಿಯ ಇರೊಂಡಿಕ್ವಾಯಿಟ್ ಕೊಲ್ಲಿಯಲ್ಲಿ ಭಾರವಾದ ಉಪ್ಪುನೀರು ತಳದಲ್ಲಿ ನಿಂತು, ವಸಂತದಲ್ಲಿ ಮೇಲಿನ ಮತ್ತು ಕೆಳಗಿನ ನೀರು ಬೆರೆಯುವುದಕ್ಕೇ ಅಡ್ಡಿಯಾಗಿದೆ ಎಂದು ವಿಜ್ಞಾನಿಗಳು 1971ರಲ್ಲೇ ವರದಿ ಮಾಡಿದರು. ಜೌಗಿನಲ್ಲಿ ಉಪ್ಪು ಹೆಚ್ಚಾದರೆ ಕಪ್ಪೆ, ಸಾಲಮಾಂಡರ್‌ಗಳ ಮೊಟ್ಟೆಗಳು ನಾಶವಾಗುತ್ತವೆ. ಪಾಚಿ ತಿನ್ನುವ ಸೂಕ್ಷ್ಮಜೀವಿಗಳು ಸತ್ತು ಪಾಚಿ ಬೆಳೆಯುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತದೆ ಗಾದೆ. ಅಲ್ಲಿ ಉಪ್ಪು ತಿಂದದ್ದು ರಸ್ತೆ. ಉಪ್ಪಾದ ಬಾವಿನೀರು ಕುಡಿಯುವ ಪಾಡು ಪಕ್ಕದ ಮನೆಯವರದು.

ದೀರ್ಘಕಾಲ ಇರಬಹುದಾದ ಕ್ಲೋರೈಡ್ ಮಿತಿಯನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲಿ ಲೀಟರಿಗೆ 230 ಮಿಲಿಗ್ರಾಂ ಎಂದು ನಿಗದಿ ಮಾಡಿತು. ಸುಮಾರು 19 ಲೀಟರ್ ನೀರನ್ನು ಈ ಮಿತಿಯ ಹತ್ತಿರಕ್ಕೆ ತರಲು ಒಂದು ಟೀ ಚಮಚ ಉಪ್ಪು ಸಾಕು. ಆದರೆ ವಾಹನ ನಿಲ್ದಾಣದ ಹಿಂದಿನ ಸಣ್ಣ ಜೌಗನ್ನು ಅಳೆಯುವವರು ಯಾರು?

ಈ ಕೆಲಸಕ್ಕೆ ಸಾಮಾನ್ಯ ಜನರೇ ಮುಂದಾದರು. 1922ರಲ್ಲಿ ಷಿಕಾಗೋದ ಗಾಳ ಹಾಕುವ ಹವ್ಯಾಸಿಗಳು ಕಟ್ಟಿದ ಐಸಾಕ್ ವಾಲ್ಟನ್ ಲೀಗ್ 1969ರಲ್ಲಿ ಹಳ್ಳಗಳ ರಕ್ಷಣೆಗೂ, 2018ರಲ್ಲಿ ‘ಸಾಲ್ಟ್ ವಾಚ್’ ಎಂಬ ಉಪ್ಪಿನ ಕಾವಲಿಗೂ ಚಾಲನೆ ನೀಡಿತು. ಸ್ವಯಂಸೇವಕರ ಸಾಧನ ಒಂದು ಕಾಗದದ ಪಟ್ಟಿ. ನೀರಿನಲ್ಲಿ ನಿಲ್ಲಿಸಿದರೆ ಅದರಲ್ಲಿ ಬಿಳಿ ಗುರುತು ಏರುತ್ತದೆ. ಏರಿದ ಎತ್ತರವನ್ನು ಕೋಷ್ಟಕಕ್ಕೆ ಹೋಲಿಸಿದರೆ ಕ್ಲೋರೈಡ್ ಪ್ರಮಾಣ ತಿಳಿಯುತ್ತದೆ. ಉಪ್ಪು ಎರಚುವ ಮೊದಲು, ಎರಚಿದ ಮೇಲೆ, ನಂತರದ ಮಳೆಯ ಬಳಿಕ ಅಳೆದು, ಎಲ್ಲರಿಗೂ ಕಾಣುವ ನಕ್ಷೆಗೆ ಸೇರಿಸುತ್ತಾರೆ.

ಉಪ್ಪನ್ನು ಪೂರ್ತಿ ನಿಲ್ಲಿಸುವಂತಿಲ್ಲ. ಅದು ಜೀವ ಉಳಿಸುತ್ತದೆ. ಆದರೆ ಯಾರಾದರೂ ಜಾರಿಬಿದ್ದು ದಾವೆ ಹೂಡಿಯಾರೆಂಬ ಭಯದಿಂದ ಗುತ್ತಿಗೆದಾರರು ಬೇಕಾದ್ದಕ್ಕಿಂತ ಹೆಚ್ಚು ಸುರಿಯುವುದುಂಟು. ಮೊದಲು ಉಪ್ಪು ಎರಚಿದ ನ್ಯೂ ಹ್ಯಾಂಪ್‌ಶೈರೇ 2013ರಲ್ಲಿ, ತರಬೇತಿ ಪಡೆದು ಮಿತವಾಗಿ ಬಳಸುವ ಗುತ್ತಿಗೆದಾರರಿಗೆ ಇಂಥ ದಾವೆಗಳಿಂದ ಕಾನೂನಿನ ರಕ್ಷಣೆ ಕೊಟ್ಟಿತು. ನೀರಿಗೆ ಬಿದ್ದ ಉಪ್ಪನ್ನು ಹೊರತೆಗೆಯುವುದು ಬಲು ದುಬಾರಿ. ಬೀಳುವುದನ್ನು ಕಡಿಮೆ ಮಾಡುವುದೇ ದಾರಿ. ಎಲ್ಲಿ ಕಡಿಮೆ ಮಾಡಬೇಕೆಂದು ತೋರಿಸುವುದು ಆ ಕಾಗದದ ಪಟ್ಟಿಗಳು.