ಉಪ್ಪಿನಕಾಯಿ ಎಂಬ ಮಾತು

ತಮಿಳರ ಊಱುಕಾಯ್, ತೆಲುಗರ ಊರಗಾಯ ಎಂದರೆ ನೆನೆದು ಊರಿದ ಕಾಯಿ. ಮರಾಠಿಯ ಲೋಣಚೆಯಾದರೋ ಲವಣದಿಂದ ಹುಟ್ಟಿತು. ಮಲೆಯಾಳಿಗಳ ಉಪ್ಪಿಲಿಟ್ಟತು ಎಂಬುದು ಉಪ್ಪಿನಲ್ಲಿ ಇಟ್ಟದ್ದು. ಕನ್ನಡಿಗರಾದ ನಾವು ಈ ಎರಡನೆಯ ಪಂಕ್ತಿಯಲ್ಲಿ ಕುಳಿತವರು. ನಮಗೆ ಅದು ಉಪ್ಪಿನ ಕಾಯಿ.

ಈ ಹೆಸರಿನಲ್ಲಿ ಕಾಯಿಯ ಅರ್ಥ ಕಾಲಕ್ರಮದಲ್ಲಿ ಸಡಿಲವಾಯಿತು. ಹಣ್ಣಾದ ನಿಂಬೆಯೂ ಉಪ್ಪಿನಕಾಯಿ, ಶುಂಠಿಯೂ ಉಪ್ಪಿನಕಾಯಿ, ಬಿದಿರಿನ ಕಳಲೆಯೂ ಉಪ್ಪಿನಕಾಯಿ. ಉಪ್ಪು ಮಾತ್ರ ಕದಲಲಿಲ್ಲ. ಆ ಉಪ್ಪು ಎಲ್ಲಿಯದು?

ಸಕಲೇಶಪುರ ಸೀಮೆಯ ತೆಂಕಣ ಅಂಚಿನಲ್ಲಿರುವ ಬಿಸಿಲೆಯಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳಬೇಕು. ಹೆಸರು ಬಿಸಿಲೆಯಾದರೂ ಮಳೆಗಾಲದಲ್ಲಿ ಅಲ್ಲಿ ಬಿಸಿಲು ಅಪರೂಪ. ಮಾವಿನ ಮಿಡಿ, ನೆಲ್ಲಿ, ಅಮಟೆ, ಕಳಲೆ ಇವೆಲ್ಲವನ್ನೂ ಮಲೆಯೇ ಕೊಡುತ್ತದೆ. ಉಪ್ಪಿನ ಒಂದು ಹರಳನ್ನೂ ಕೊಡದು. ಅದು ಕಡಲಿನಿಂದ ಬರಬೇಕು. ಘಟ್ಟದ ಕೆಳಗೆ ಕುಮಾರಧಾರೆಯು ನೇತ್ರಾವತಿಯನ್ನು ಕೂಡುವ ಊರಿಗೆ ಉಪ್ಪಿನಂಗಡಿ ಎಂದೇ ಹೆಸರು. ಅಂಗಡಿ ಕೆಳಗೆ, ಕಾಯಿ ಮೇಲೆ; ನಡುವೆ ಹೇರೆತ್ತುಗಳು ಏರಿದ ಘಟ್ಟದ ದಾರಿ. ಹನ್ನೆರಡನೆಯ ಶತಮಾನದ ಅಲ್ಲಮಪ್ರಭುವು ಬೆಟ್ಟದ ನೆಲ್ಲಿಗೂ ಕಡಲಿನ ಉಪ್ಪಿಗೂ ಒದಗಿದ ನಂಟನ್ನು ಕಂಡು ಬೆರಗಾದನು. ಅನುಭಾವದ ಮಾತನ್ನು ಅಡಿಗೆಮನೆಗೆ ತಂದೆವೆಂದು ಪಂಡಿತರು ಮುನಿಯಬಾರದು. ಬಿಸಿಲೆಯ ಭರಣಿಗಳಲ್ಲಿ ಆ ನಂಟು ವರ್ಷವರ್ಷವೂ ಕೂಡಿಬರುತ್ತದೆ.

ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೂ ಬೇಡ ಎಂಬ ಗಾದೆಯನ್ನು ಪಟ್ಟಣಿಗರಾದ ನಾವು ಹೊತ್ತಿಗೆ ಒದಗದ ನೆಂಟರ ಮೇಲೆ ಪ್ರಯೋಗಿಸುತ್ತೇವೆ. ಎಲೆಯ ತುದಿಯಲ್ಲಿ ಒಂದು ಚೂರು ಬಡಿಸಿಕೊಳ್ಳುವವರಿಗೆ ಇದು ನಗೆಮಾತು. ಆಷಾಢದ ಜಡಿಮಳೆಯಲ್ಲಿ ಗಂಜಿಯ ಜೊತೆಗೆ ಬೇರೇನೂ ಇಲ್ಲದ ಮನೆಯಲ್ಲಿ ಉಪ್ಪಿನಕಾಯಿಯೇ ಪಲ್ಯ, ಅದೇ ಸಾರು.

ಇಂಥ ಪದಾರ್ಥದ ಅರ್ಧಕ್ಕೆ ಸುಂಕ ಬಿದ್ದಿತು. 1799ರಲ್ಲಿ ಕನ್ನಡ ಜಿಲ್ಲೆಯ ಕರಾವಳಿಯು ಕುಂಪಣಿಯ ವಶವಾಯಿತು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಮದರಾಸು ಸರಕಾರವು ಉಪ್ಪಿನ ವ್ಯಾಪಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಘಟ್ಟದ ಮೇಲಿನದು ಮೈಸೂರು ಸೀಮೆ, ಅಲ್ಲಿ ಆಳುವ ದೊರೆ ಬೇರೆ. ಆದರೆ ಉಪ್ಪಿನೊಡನೆ ಅದರ ಬೆಲೆಯೂ ಘಟ್ಟವೇರಿತು. ಕಳಲೆಯನ್ನು ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸಿ, ಅದರ ನಂಜು ಕಳೆದು ಹದಕ್ಕೆ ತಂದ ಹೆಂಗಸಿನ ದುಡಿಮೆಗೆ ಕಾಸಿಲ್ಲ. ಮೇಲೆ ಸುರಿದ ಹಿಡಿ ಉಪ್ಪಿಗೆ ಕಾಸು. ಉಪ್ಪಿಗೆ ಜಿಪುಣತನ ಮಾಡುವಂತೆಯೂ ಇಲ್ಲ, ಮಾಡಿದರೆ ಭರಣಿಯೇ ಬೂಸಲು ಹಿಡಿದೀತು.

1930ರ ಏಪ್ರಿಲ್ ತಿಂಗಳಿನಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಜನರು ಉಪ್ಪು ಮಾಡಿ ಕಾನೂನನ್ನು ಮುರಿದರು. ತೆರಿಗೆ ತೊಲಗಿದ್ದು 1947ರಲ್ಲಿ.